ಮುಪ್ಪಡರಿದ ನಾಯಿಗೊಂದು ಮನೆ

ನಮ್ಮ ಪತ್ರಿಕೆಯ ವಾಚಕರಾದ ಸೋದರಿಯೊಬ್ಬರು ಹಿಂದಣ ತಿಂಗಳಲ್ಲಿ ನನಗೊಂದು ಕಾಗದವನ್ನು ಬರೆದಿರುವರು. ಅದರ ಸಾರಾಂಶವಿಷ್ಟು: "ನಾಯಿಯೊಂದು ಬೇಕೆಂದು ನಮ್ಮ ಮಕ್ಕಳು ವರ್ಷದಿಂದ ಹಟ ಹಿಡಿದಿರುವರು. ಯಜಮಾನರು ಮರಿಯನ್ನು ಕೊಳ್ಳುವುದಕ್ಕೆ ಒಪ್ಪದೆ, ಬಿಟ್ಟುಹೋದ ಜಾತಿನಾಯಿಗಳನ್ನು ಸಾಕಿ ಒಳ್ಳೆಯ ಮನೆಗಳಿಗೆ ಒಪ್ಪಿಸುವ ಆಶ್ರಯಧಾಮವೊಂದಕ್ಕೆ ಹೋಗಿಬಂದರು. ಅಲ್ಲಿ ಎಂಟು ವರ್ಷದ ಲ್ಯಾಬ್ರಡಾರ್ ನಾಯಿಯೊಂದು ಅವರ ಮನಸ್ಸಿಗೆ ಒಪ್ಪಿದೆ. ಆದರೆ ನಮ್ಮ ಅತ್ತೆಯವರು, ನಾಳೆಯೋ ನಾಳಿದ್ದೋ ಸಾಯುವ ಪ್ರಾಣಿಯನ್ನು ತಂದು ಮಕ್ಕಳನ್ನೇಕೆ ಅಳಿಸುವಿರಿ ಎನ್ನುತ್ತಾರೆ. ತಾವೇನು ಹೇಳುವಿರಿ?"

ಸೋದರಿಯವರು ನಾನು ನಾಯಿಗಳನ್ನು ಬಲ್ಲವನೆಂದೆಣಿಸಿ ಕೇಳಿರಬಹುದು. ನಾನು ಬಲ್ಲುದು ಎರಡೇ ನಾಯಿಗಳನ್ನು. ಒಂದನ್ನು ಅದರ ಮುಪ್ಪಿನಲ್ಲಿ ಬಿಟ್ಟೆನು. ಇನ್ನೊಂದನ್ನು ಅದರ ಮುಪ್ಪಿನಲ್ಲಿ ಕರೆತಂದೆನು. ಈ ಎರಡನ್ನೂ ಮಾಡಿದವನಾದುದರಿಂದ ಉತ್ತರವನ್ನು ಬರೆಯುವ ಧೈರ್ಯಮಾಡಿರುವೆನು.

ಮೊದಲು, ಇಂತಹ ಆಶ್ರಯಧಾಮಗಳೆಂದರೇನು, ಅವುಗಳಿಗೆ ಮುದಿನಾಯಿಗಳು ಬರುವುದೇಕೆ ಎಂಬುದನ್ನು ತಿಳಿಯೋಣ. ಪಾಶ್ಚಾತ್ಯ ದೇಶಗಳಲ್ಲಿ ಒಂದೊಂದು ಜಾತಿಯ ನಾಯಿಯನ್ನು ಪ್ರೀತಿಸುವವರು ಒಂದೊಂದು ಸಂಘವನ್ನು ಕಟ್ಟಿಕೊಂಡು, ಆ ಜಾತಿಯ ನಾಯಿಯು ಎಲ್ಲಿಯೇ ಅನಾಥವಾಗಲಿ, ಅದನ್ನು ತಂದು ಶುಶ್ರೂಷೆ ಮಾಡಿ ಹೊಸ ಮನೆಯನ್ನು ಹುಡುಕಿಕೊಡುವ ಪದ್ಧತಿಯುಂಟು. ಇಂಗ್ಲೆಂಡಿನಲ್ಲಿ ಓಟದ ಪಂದ್ಯದ ಗ್ರೇಹೌಂಡ್ ನಾಯಿಗಳಿಗೆಂದು ಇಂತಹ ಧರ್ಮಸಂಸ್ಥೆಯೊಂದು ಹುಟ್ಟಿತು. ಪಂದ್ಯದ ನಾಯಿಗೆ ಮೂರು ನಾಲ್ಕು ವರ್ಷಗಳಿಗೇ ನಿವೃತ್ತಿ. ಆದರೆ ಅದಕ್ಕೆ ನಮ್ಮಂತೆ ಪಿಂಚಣಿಯಿಲ್ಲ. ಅಮೆರಿಕದ ಫ್ಲಾರಿಡಾ ಪ್ರಾಂತದ ಜನರು 2018ರಲ್ಲಿ ಮತವಿತ್ತು, 2020ರ ಕೊನೆಯೊಳಗೆ ಈ ಪಂದ್ಯಗಳು ನಿಲ್ಲತಕ್ಕದ್ದೆಂದು ವಿಧಿಸಿದಾಗ ಸಾವಿರಾರು ನಾಯಿಗಳಿಗೆ ಮನೆ ಬೇಕಾಯಿತು. ಆ ಭಾರವನ್ನು ಹೊತ್ತವು ಇಂತಹ ಸಂಘಗಳೇ.

ನಮ್ಮ ಬೆಂಗಳೂರಿನಲ್ಲಿಯೂ ಪ್ರಾಣಿಗಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಗಳು ಹಲವಾಗಿವೆ. ಅವುಗಳಲ್ಲಿ 'ಕೂಪಾ' ಎಂಬುದನ್ನು 1991ರಲ್ಲಿ ಸ್ಥಾಪಿಸಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ. ಆಗ ಆಕೆಗೆ ಎಂಬತ್ತು ದಾಟಿದ್ದಿತು. ಮುಪ್ಪಿನಲ್ಲಿ ಹೊಸ ಕೆಲಸವನ್ನು ಕೈಗೊಳ್ಳಬಾರದೆಂಬವರು ಈ ಸಂಗತಿಯನ್ನು ನೆನೆಯಬಹುದು.

ಬೀದಿಯ ನಾಯಿಗೆ ಬೀದಿಯೇ ಊರು. ಜಾತಿನಾಯಿಗಾದರೋ ಮನೆಯ ಹೊರಗೆ ಬದುಕಲು ಬಾರದು. ಅದನ್ನು ಮನುಷ್ಯನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿ ತೀಡಿ ಮಾಡಿಕೊಂಡಿರುವನು. ಲ್ಯಾಬ್ರಡಾರಿನ ಪೂರ್ವಿಕರು ಹೆಸರಿಗೆ ಲ್ಯಾಬ್ರಡಾರಿನವಾದರೂ ನಿಜವಾಗಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರಿಗೆ ಸಹಾಯಕವಾಗಿ ತಣ್ಣೀರಿನಲ್ಲಿ ಈಜಿ ಬಲೆ ಹಗ್ಗಗಳನ್ನು ಎಳೆದು ತರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಅವನ್ನು ತಂದು ಬೆಳೆಸಿದರು. 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ಬು ಅದನ್ನೊಂದು ಪ್ರತ್ಯೇಕ ಜಾತಿಯೆಂದು ಒಪ್ಪಿತು. ಇಂತಹ ಪ್ರಾಣಿಯನ್ನು ನಮ್ಮ ನಗರದ ಬೀದಿಯಲ್ಲಿ ಬಿಟ್ಟರೆ ಅದು ಬಿಟ್ಟ ಸ್ಥಳದಲ್ಲಿಯೇ ಕುಳಿತಿರುತ್ತದೆ. ವಾಹನಕ್ಕೆ ಹೆದರುವುದನ್ನೂ ಕಸದ ತೊಟ್ಟಿಯಲ್ಲಿ ಅನ್ನವನ್ನು ಹುಡುಕುವುದನ್ನೂ ಅದಕ್ಕೆ ಕಲಿಸಿದವರಿಲ್ಲ.

ಪಾಣಿನಿ ಮಹರ್ಷಿಯು ನಾಯಿಯನ್ನೂ ಯುವಕನನ್ನೂ ದೇವೇಂದ್ರನನ್ನೂ ಒಂದೇ ಸೂತ್ರದಲ್ಲಿ ಪೋಣಿಸಿರುವನೆಂದು ವ್ಯಾಕರಣ ಪಾಠದಲ್ಲಿ ಹುಡುಗರನ್ನು ನಗಿಸುವುದುಂಟು. ಇಂದಿನ ಪೇಟೆಯೂ ಅದೇ ಸೂತ್ರವನ್ನು ನಂಬಿದಂತಿದೆ. ನಾಯಿಯು ಯೌವನದಲ್ಲಿರುವವರೆಗೆ ಅದಕ್ಕೆ ಇಂದ್ರಪದವಿ. ದೂರವಾಣಿಯ ಕಂಪನಿಯೊಂದು 2003ರಲ್ಲಿ ತನ್ನ ಜಾಹೀರಾತಿನಲ್ಲಿ ಪಗ್ ಜಾತಿಯ ನಾಯಿಯನ್ನು ತೋರಿಸಲು, ದೇಶದಾದ್ಯಂತ ಜನರು ಆ ಮರಿಗಳಿಗಾಗಿ ಮುಗಿಬಿದ್ದರು. ಜಾಹೀರಾತಿನ ನಾಯಿಗೆ ವಯಸ್ಸಾಗುವುದಿಲ್ಲ. ಮನೆಗೆ ಬಂದ ನಾಯಿಗೆ ಆಗುತ್ತದೆ. ಆಗ ಬಾಡಿಗೆಯ ಮನೆ, ಪರದೇಶದ ನೌಕರಿ, ಹೆಚ್ಚಿದ ವೈದ್ಯರ ಖರ್ಚು, ಹೆರಿಗೆಗೆ ಬಂದ ಮಗಳು, ಹೀಗೆ ಒಂದಲ್ಲ ಒಂದು ಕಾರಣವು ಕಾಣಿಸಿಕೊಳ್ಳುತ್ತದೆ. ವಸತಿಸಂಘದವರು ಬೇಡವೆನ್ನುವರೆಂದು ಕೆಲವರು ಹೇಳುವುದುಂಟು. ಆದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ಸ್ಪಷ್ಟಪಡಿಸಿದೆ. ಉಪವಾಸ ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯಿದೆಯು ಗೊತ್ತುಮಾಡಿದ ದಂಡವೆಷ್ಟೆಂದರೆ 10 ರೂಪಾಯಿಗೆ ಕಡಮೆಯಿಲ್ಲದೆ 50 ರೂಪಾಯಿಯವರೆಗೆ. ಇಷ್ಟು ಅಗ್ಗವಾದ ದಂಡವು ಯಾರ ಕೈಯನ್ನು ತಾನೆ ಹಿಡಿದೀತು? ಇಲ್ಲಿ ಹಿಡಿಯಬೇಕಾದುದು ನಮ್ಮ ಮನಸ್ಸೇ.

ನಮ್ಮ ನಾಡಿನಲ್ಲಿ ನಾಯಿಗೆ ಮನ್ನಣೆಯಿರಲಿಲ್ಲವೆಂದೇನೂ ಅಲ್ಲ. ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನವನ್ನು ಅನೇಕರು ಕಂಡಿರಬಹುದು. ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಭೂಮಿಯನ್ನೋ ಪೊನ್ನನ್ನೋ ಬೇಡದೆ 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರನು ಅದಕ್ಕೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟನು. ಆ ಕಲ್ಲಿನೆದುರು ನಿಂತಾಗಲೆಲ್ಲ ನನಗೊಂದು ಯೋಚನೆ ಬರುತ್ತಿತ್ತು. ಕಾಳಿಯು ಹಂದಿಯನ್ನು ಕೊಂದು ಸಾಯದೆ, ಹಲ್ಲುದುರಿ, ಹಿಂಗಾಲು ಎಳೆಯುತ್ತ, ಬಾಗಿಲಿನಲ್ಲಿ ಬಿದ್ದುಕೊಂಡಿದ್ದರೆ? ಶೌರ್ಯದಿಂದ ಮಡಿದುದಕ್ಕೆ ಕಲ್ಲನ್ನು ನಿಲ್ಲಿಸುವುದು ಸುಲಭ. ಉಪಯೋಗ ತೀರಿದ ಮೇಲೂ ಬದುಕಿರುವುದಕ್ಕೆ ದಿನದಿನವೂ ಅನ್ನವನ್ನಿಕ್ಕುವುದು ಕಷ್ಟ.

ಈ ಕಷ್ಟದ ಧರ್ಮವನ್ನು ಹೇಳುವುದು ಭಾರತದ ಮಹಾಪ್ರಸ್ಥಾನಿಕ ಪರ್ವ. ಐವರು ಪಾಂಡವರು, ದ್ರೌಪದಿ, ಏಳನೆಯದಾಗಿ ಒಂದು ನಾಯಿ. ಒಬ್ಬೊಬ್ಬರಾಗಿ ಉಳಿದವರೆಲ್ಲರೂ ಬಿದ್ದ ಮೇಲೆ, ದೇವೇಂದ್ರನು ರಥವನ್ನು ತಂದು, ನಾಯಿಯನ್ನು ಬಿಟ್ಟು ಬಾ ಎನ್ನುತ್ತಾನೆ. ಧರ್ಮರಾಯನು ಒಲ್ಲೆನೆನ್ನುತ್ತಾನೆ. ಗಮನಿಸತಕ್ಕ ಅಂಶವೇನೆಂದರೆ, ಆ ನಾಯಿಯು ಯಾವ ಪರಾಕ್ರಮವನ್ನೂ ಮಾಡಿರಲಿಲ್ಲ. ಹಿಂದೆ ಹಿಂದೆ ನಡೆದು ಬಂದಿತ್ತು, ಅಷ್ಟೆ. ನಂಬಿ ಬಂದುದನ್ನು ಬಿಡುವುದು ಮಹಾಪಾತಕವೆಂಬುದೊಂದೇ ಧರ್ಮರಾಯನ ವಾದ.

ಈ ಕಥೆಯನ್ನು ನಾನು ಸಂಸ್ಕೃತದ ತರಗತಿಯಲ್ಲಿ ಪ್ರತಿವರ್ಷವೂ ಹೇಳುತ್ತಿದ್ದೆನು. ಒಂದು ವರ್ಷ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, "ಆ ನಾಯಿಗೆ ವಯಸ್ಸೆಷ್ಟು, ಸಾರ್?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಕವಿಯು ಹೇಳಿಲ್ಲವೆಂದು ಅವನನ್ನು ಕೂರಿಸಿದೆನು. ಉಳಿದವರೊಡನೆ ನಗಲು ನನ್ನಿಂದಾಗಲಿಲ್ಲ. ಅದೇಕೆಂಬುದನ್ನು ಈಗ ಹೇಳಬೇಕಾಗಿದೆ.

1996ರಲ್ಲಿ ನನಗೆ ಮಲೆನಾಡಿನ ಒಂದು ಊರಿನಿಂದ ಬಯಲುಸೀಮೆಗೆ ವರ್ಗವಾಯಿತು. ನಮ್ಮ ಮನೆಯಲ್ಲಿ ಕರಿಯನೆಂಬ ನಾಡನಾಯಿಯಿದ್ದಿತು. ಹತ್ತು ವರ್ಷವಾಗಿದ್ದಿರಬೇಕು, ಮೂತಿಯು ನರೆತಿದ್ದಿತು, ಕಿವಿ ಮಂದವಾಗಿದ್ದಿತು. ಹೊಸ ಊರಿನಲ್ಲಿ ಸಿಕ್ಕಿದುದು ಎರಡು ಕೋಣೆಯ ಬಾಡಿಗೆಯ ಮನೆ. ಮನೆಯೊಡೆಯನನ್ನು ನಾಯಿಯ ವಿಷಯವಾಗಿ ಕೇಳಬೇಕೆಂದುಕೊಂಡು ಸಂಕೋಚದಿಂದ ಕೇಳದೆ ಬಂದೆನು. "ಮುದಿಯಾಗಿದೆ, ಪ್ರಯಾಣವನ್ನು ತಾಳದು, ತಿಳಿದ ಊರಿನಲ್ಲಿಯೇ ಇರಲಿ" ಎಂದು ನೆರೆಯವರಿಗೆ ಒಪ್ಪಿಸಿ, ಒಂದು ಮೂಟೆ ಅಕ್ಕಿಯನ್ನೂ ಕೊಟ್ಟು, ಲಾರಿಯನ್ನು ಹತ್ತಿದೆನು. ನೆರೆಯವರು ಸಜ್ಜನರು, ಅವರಲ್ಲಿ ತಪ್ಪಿಲ್ಲ. ಅವರು ತಿಂಗಳಾದ ಮೇಲೆ ಬರೆದ ಕಾಗದದಲ್ಲಿ, ಕರಿಯನು ತಮ್ಮ ಮನೆಯಲ್ಲಿ ನಿಲ್ಲದೆ ನಮ್ಮ ಹಳೆಯ ಮನೆಯ ಜಗಲಿಗೇ ಹೋಗಿ ಮಲಗುತ್ತಿದ್ದುದಾಗಿಯೂ, ಅನ್ನವನ್ನು ಅಲ್ಲಿಗೇ ಒಯ್ದಿಟ್ಟರೂ ಮುಟ್ಟುತ್ತಿರಲಿಲ್ಲವಾಗಿಯೂ, ಹನ್ನೊಂದು ದಿನಗಳಾದ ಮೇಲೆ ಕಾಣಲಿಲ್ಲವಾಗಿಯೂ ತಿಳಿಸಿದ್ದರು. ನಾನು ಉತ್ತರವನ್ನು ಬರೆಯಲಿಲ್ಲ. ಬರುವ ವರ್ಷವೂ ಮಹಾಪ್ರಸ್ಥಾನದ ಕಥೆಯನ್ನು ಹೇಳಿದೆನು. ಮೇಷ್ಟರ ಕೆಲಸವೇ ಹಾಗೆ.

ಇನ್ನು ಎರಡನೆಯ ನಾಯಿಯ ವೃತ್ತಾಂತ. 2022ರಲ್ಲಿ ಅರವತ್ತು ತುಂಬಿ ನಿವೃತ್ತನಾದ ಮೇಲೆ ನಾವಿಬ್ಬರೂ ಬೆಂಗಳೂರಿನಲ್ಲಿ ನೆಲಸಿದೆವು. ನನ್ನ ಹೆಂಡತಿಯೇ ನಾಯಿಯ ಪ್ರಸಕ್ತಿಯನ್ನು ಎತ್ತಿದವಳು. ಮರಿಯು ಬೇಡವೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ಹನ್ನೆರಡು ವರ್ಷ ಬದುಕಿದರೆ ನನಗೆ ಎಪ್ಪತ್ತೆರಡು. ಅದನ್ನು ಹಿಡಿದು ನಡೆಯುವ ಕಾಲು ಆಗ ಯಾರಿಗೆ? ಹೀಗಾಗಿ ನಗರದ ಹೊರವಲಯದ ಒಂದು ಆಶ್ರಯಧಾಮಕ್ಕೆ ಹೋದೆವು. ಅಲ್ಲಿ ಹಳದಿ ಬಣ್ಣದ ಲ್ಯಾಬ್ರಡಾರ್ ಹೆಣ್ಣುನಾಯಿಯೊಂದಿದ್ದಿತು. ಹೆಸರು ರೋಸಿ, ವಯಸ್ಸು ಎಂಟು. ಮರಿಗಳಿದ್ದ ಕಡೆ ಜನವೋ ಜನ. ಇದರ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಅದೂ ಯಾರನ್ನೂ ಕರೆಯುತ್ತಿರಲಿಲ್ಲ.

ನಾಯಿಯ ಒಂದು ವರ್ಷವು ಮನುಷ್ಯನ ಏಳು ವರ್ಷಕ್ಕೆ ಸಮವೆಂಬ ಲೆಕ್ಕವನ್ನು ನಾವೆಲ್ಲರೂ ಕೇಳಿರುವೆವಷ್ಟೆ. ಅದು ಸರಿಯಲ್ಲ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ವಿಶ್ವವಿದ್ಯಾಲಯದ ವಿಜ್ಞಾನಿಗಳು 104 ಲ್ಯಾಬ್ರಡಾರ್ ನಾಯಿಗಳ ರಕ್ತವನ್ನು ಪರೀಕ್ಷಿಸಿ, ವಯಸ್ಸಿನೊಡನೆ ಡಿ.ಎನ್.ಎ.ಯ ಮೇಲೆ ಮೂಡುವ ರಾಸಾಯನಿಕ ಗುರುತುಗಳನ್ನು ಮನುಷ್ಯರವುಗಳೊಡನೆ ಹೋಲಿಸಿ, 2020ರಲ್ಲಿ ಬೇರೊಂದು ಲೆಕ್ಕವನ್ನು ಪ್ರಕಟಿಸಿದರು. ನಾಯಿಯ ವಯಸ್ಸಿನ ಸಹಜ ಲಘುಗಣಕವನ್ನು 16ರಿಂದ ಗುಣಿಸಿ 31ನ್ನು ಕೂಡಿಸತಕ್ಕದ್ದು. ಇದರಂತೆ ಒಂದು ವರ್ಷದ ನಾಯಿಯು 31 ವರ್ಷದ ಮನುಷ್ಯನಿಗೂ, ನಾಲ್ಕರದು 53ಕ್ಕೂ, ಎಂಟರದು 64ಕ್ಕೂ, ಹನ್ನೆರಡರದು 71ಕ್ಕೂ ಸಮ. ಮೊದಲಿಗೆ ಓಡುವ ಗಡಿಯಾರವು ಬರಬರುತ್ತ ನಿಧಾನವಾಗುತ್ತದೆ. ಆಶ್ರಯಧಾಮದ ಬೆಂಚಿನ ಮೇಲೆ ಕುಳಿತು ಈ ಲೆಕ್ಕವನ್ನು ಮಾಡಿದಾಗ ರೋಸಿಯು ನನಗಿಂತ ನಾಲ್ಕು ವರ್ಷ ಹಿರಿಯಳೆಂದು ತಿಳಿಯಿತು. ಸಮವಯಸ್ಕರು ಸಿಕ್ಕಿದಂತಾಯಿತೆಂದು ಹೆಂಡತಿಯು ನಕ್ಕಳು.

ರೋಸಿಯನ್ನು ಬಿಟ್ಟುಹೋದವರ ಮೇಲೆ ನನಗೆ ಕೋಪವುಕ್ಕಿ ಬಂದಿತು. ಎಂತಹ ಜನ ಇವರು ಎಂದು ಅಲ್ಲಿನ ಕಾರ್ಯಕರ್ತೆಯನ್ನು ಕೇಳಿದೆನು. ಆಕೆಯು ನಿರ್ವಿಕಾರವಾಗಿ ಕಡತವನ್ನು ತೆರೆದು ತೋರಿಸಿದಳು. ಬಿಟ್ಟುಹೋಗಲು ಕಾರಣವೆಂಬ ಸಾಲಿನೆದುರು, "ಬೇರೆ ಊರಿಗೆ ವರ್ಗ" ಎಂದು ಬರೆದಿದ್ದಿತು. ತೆರೆದಿದ್ದ ಬಾಯನ್ನು ನಾನು ಮುಚ್ಚಿಕೊಂಡೆನು. ಅವರು ಕನಿಷ್ಠಪಕ್ಷ ಇಂತಹದೊಂದು ಬಾಗಿಲಿನವರೆಗೆ ತಂದುಬಿಟ್ಟಿದ್ದರು. ನಾನು ಅಷ್ಟನ್ನೂ ಮಾಡಿರಲಿಲ್ಲ.

ನಾಯಿಯನ್ನು ಕೇಳಿದೊಡನೆ ಕೊಡುವುದಿಲ್ಲ. ಮೊದಲು ನಮ್ಮ ಪರೀಕ್ಷೆ. ಮನೆಯಲ್ಲಿ ಎಷ್ಟು ಜನ, ಸ್ವಂತದ್ದೋ ಬಾಡಿಗೆಯದೋ, ಹಗಲಿನಲ್ಲಿ ಯಾರಿರುವರು, ಎಷ್ಟು ಮೆಟ್ಟಿಲು, ಹಿಂದೆ ನಾಯಿಯನ್ನು ಸಾಕಿದ್ದಿರೋ, ಅದಕ್ಕೇನಾಯಿತು. ಕೊನೆಯ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಬರೆದೆನು. ಕೊಡಲಾರರೆಂದೇ ಎಣಿಸಿದ್ದೆನು. ಕಾರ್ಯಕರ್ತೆಯು ಓದಿ, ಏನನ್ನೂ ಹೇಳದೆ, ಮನೆಯನ್ನು ನೋಡಲು ಬರುವ ದಿನವನ್ನು ಗೊತ್ತುಮಾಡಿದಳು. ಇಂತಹ ಪ್ರಶ್ನೆಗಳಿಂದ ಕೆಲವು ಗೃಹಸ್ಥರು ಮುನಿಯುವುದನ್ನು ಕಂಡಿರುವೆನು. ಮುನಿಯಬಾರದು. ಕನ್ಯೆಯನ್ನು ಕೊಡುವವರು ವಿಚಾರಿಸುವುದಿಲ್ಲವೇ? ಒಮ್ಮೆ ಮನೆಯನ್ನು ಕಳೆದುಕೊಂಡುದು ಎರಡನೆಯ ಸಲ ಕಳೆದುಕೊಳ್ಳಬಾರದೆಂಬುದೇ ಅವರ ಕಳವಳ.

ಸೋದರಿಯವರ ಉಪಯೋಗಕ್ಕಾಗಿ, ಅನುಭವದಿಂದಲೂ ವೈದ್ಯರಿಂದಲೂ ಕಲಿತ ಕೆಲವು ವಿಷಯಗಳನ್ನು ಇಲ್ಲಿ ಹೇಳುವೆನು.

ಮನೆಗೆ ತರುವ ಮುನ್ನ ಆಶ್ರಯಧಾಮದವರಿಂದ ವೈದ್ಯಕೀಯ ದಾಖಲೆಯನ್ನು ಕೇಳಿ ಪಡೆಯಿರಿ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ವರ್ಷವರ್ಷವೂ ತಪ್ಪಿಸಬೇಡಿರಿ. ಮುಪ್ಪಿನ ನಾಯಿಗೆ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯನ್ನು ಮಾಡಿಸುವುದು ಮೇಲು. ಮೂತ್ರಪಿಂಡದ ದೌರ್ಬಲ್ಯವೂ ಉಣ್ಣೆಯಿಂದ ಬರುವ ಜ್ವರವೂ ಹೊರಗೆ ಕಾಣುವ ಮೊದಲೇ ಅಲ್ಲಿ ತೋರಬಹುದು. ಕಣ್ಣಿನಲ್ಲಿ ನೀಲಿಯ ಮಸುಕು ಕಂಡರೆ ಕುರುಡಾಯಿತೆಂದು ಗಾಬರಿಯಾಗುವುದು ಬೇಡ. ವಯಸ್ಸಿನಿಂದ ಕಣ್ಣಿನ ಮಸೂರವು ಗಟ್ಟಿಯಾಗುವುದರಿಂದ ಹಾಗಾಗುವುದುಂಟು, ಅದರಿಂದ ದೃಷ್ಟಿಗೆ ಹೆಚ್ಚಿನ ಬಾಧೆಯಿಲ್ಲ. ಕಣ್ಣಿನ ಪೊರೆಯೇ ಬೇರೆ. ಮೈಮೇಲೆ ಮೆತ್ತನೆಯ ಗಂಟುಗಳು ಲ್ಯಾಬ್ರಡಾರಿನಲ್ಲಿ ಸಾಮಾನ್ಯ. ಅವು ಬಹಳ ಮಟ್ಟಿಗೆ ಕೊಬ್ಬಿನ ಗಂಟುಗಳೇ. ಆದರೂ ವೈದ್ಯರು ಸೂಜಿಯಿಂದ ಪರೀಕ್ಷಿಸಿ ಹೇಳಿದ ಮೇಲೆ ಮಾತ್ರ ನಿಶ್ಚಿಂತರಾಗಿರಿ.

ನಮ್ಮ ಮನೆಗಳ ನುಣುಪಾದ ಕಲ್ಲಿನ ನೆಲವು ಮುದಿನಾಯಿಯ ದೊಡ್ಡ ಶತ್ರು. ಸಂಧಿವಾತದ ಕಾಲುಗಳು ಅದರ ಮೇಲೆ ಜಾರುತ್ತವೆ. ಮಲಗುವ ಸ್ಥಳದಿಂದ ನೀರಿನ ಬೋಗುಣಿಯವರೆಗೆ ಗೋಣಿಯ ತಟ್ಟನ್ನಾಗಲಿ ನಾರಿನ ಚಾಪೆಯನ್ನಾಗಲಿ ಹಾಸಿರಿ. ನಾಯಿಯು ತಡವಾಗಿ ಏಳುವುದು, ಕೀಲನ್ನು ನೆಕ್ಕುವುದು, ಮೆಟ್ಟಿಲ ಬಳಿ ನಿಂತು ಯೋಚಿಸುವುದು, ಇವೆಲ್ಲವೂ ನೋವಿನ ಗುರುತುಗಳು. ಆಗ ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆಗಳನ್ನು ಸರ್ವಥಾ ಕೊಡಕೂಡದು. ಐಬುಪ್ರೊಫೆನ್‌ನಂತಹವು ನಾಯಿಗೆ ವಿಷ. ವೈದ್ಯರು ನಾಯಿಗೆಂದೇ ಇರುವ ಔಷಧವನ್ನು ಕೊಡುವರು. ನಡಿಗೆಯು ಬೆಳಗು ಸಂಜೆಯ ತಂಪಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಇರಲಿ.

ಆಹಾರದ ವಿಷಯದಲ್ಲಿ ಕರುಣೆಯೇ ಅಪಾಯ. ಲ್ಯಾಬ್ರಡಾರುಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ಜೀನೊಂದರಲ್ಲಿ ಲೋಪವಿರುವುದನ್ನು ಕೇಂಬ್ರಿಜ್ಜಿನ ಸಂಶೋಧಕರು 2016ರಲ್ಲಿ ಕಂಡುಹಿಡಿದರು. ಅಂತಹುದಕ್ಕೆ ಉಂಡ ತೃಪ್ತಿಯೇ ಕಡಮೆ. ಎಷ್ಟು ಉಂಡರೂ ಉಪವಾಸವಿದ್ದಂತೆ ನಿಮ್ಮ ಮುಖವನ್ನು ನೋಡುತ್ತದೆ. ಆ ನೋಟಕ್ಕೆ ಸೋತರೆ ಮೈ ಬೆಳೆದು, ನೋಯುವ ಕೀಲುಗಳ ಮೇಲೆ ಭಾರವು ಹೆಚ್ಚುವುದು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಹುಳಿಯನ್ನೂ, ಒಣದ್ರಾಕ್ಷಿಯ ಪಾಯಸವನ್ನೂ, ಚಾಕೊಲೇಟನ್ನೂ ಹಾಕಲೇಬಾರದು. ಹಬ್ಬದ ದಿನ ಎಲೆಯನ್ನೆತ್ತುವವರಿಗೆ ಇದನ್ನು ಮುಂಚಿತವಾಗಿ ಹೇಳಿರಿ.

ಆಶ್ರಯಧಾಮದವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಮಾತನ್ನು ಹೇಳುವರು. ಮೂರು ದಿನ ದಿಗ್ಭ್ರಮೆ, ಮೂರು ವಾರ ಮನೆಯ ರೀತಿಯ ಕಲಿಕೆ, ಮೂರು ತಿಂಗಳಿಗೆ ಇದು ನನ್ನದೆಂಬ ಭಾವ. ಇದು ಸ್ಥೂಲವಾದ ಅಳತೆ. ನಾಯಿಯು ಪಂಚಾಂಗವನ್ನು ನೋಡಿ ನಡೆಯುವುದಿಲ್ಲ. ಆದರೆ ಮುದಿನಾಯಿಯಲ್ಲಿ ಒಂದು ಸೌಕರ್ಯವುಂಟು. ಅದು ಸಾಮಾನ್ಯವಾಗಿ ಮನೆವಾಸವನ್ನು ಕಲಿತು ಬಂದಿರುತ್ತದೆ. ರೋಸಿಯು ಮೊದಲ ದಿನದಿಂದಲೂ ಮನೆಯೊಳಗೆ ಹೊಲಸು ಮಾಡಲಿಲ್ಲ, ಚಪ್ಪಲಿಯನ್ನು ಕಚ್ಚಲಿಲ್ಲ, ಅಡಿಗೆಮನೆಯ ಹೊಸಲನ್ನು ದಾಟಲಿಲ್ಲ. ಈ ನಡತೆಯನ್ನೆಲ್ಲ ಅವಳಿಗೆ ಯಾರೋ ತಾಳ್ಮೆಯಿಂದ ಕಲಿಸಿದ್ದರು. ಅವರನ್ನು ಹಳಿಯುವುದನ್ನು ನಾನು ಬಿಟ್ಟಿದ್ದೆನು. ಈಗ ಅವರಿಗೆ ಕೃತಜ್ಞನೂ ಆಗಬೇಕಾಯಿತು.

ಒಂದು ಅಭ್ಯಾಸವು ಮಾತ್ರ ನಮಗೆ ತಿಳಿಯಲಿಲ್ಲ. ಪ್ರತಿದಿನವೂ ಅಪರಾಹ್ನ ನಾಲ್ಕೂವರೆ ಗಂಟೆಗೆ, ಎಲ್ಲಿ ಮಲಗಿದ್ದರೂ ಎದ್ದು, ಗೇಟಿನ ಬಳಿಗೆ ಹೋಗಿ ಬೀದಿಯನ್ನು ನೋಡುತ್ತ ನಿಲ್ಲುವಳು. ಅರ್ಧ ಗಂಟೆಯ ಹೊತ್ತು ಕದಲಳು. ಕೊನೆಗೆ ಕಾರ್ಯಕರ್ತೆಯನ್ನು ಕೇಳಲು, ಹಳೆಯ ಮನೆಯ ಮಕ್ಕಳು ಶಾಲೆಯ ಬಸ್ಸಿನಿಂದ ಇಳಿಯುತ್ತಿದ್ದ ಹೊತ್ತು ಅದೆಂದು ತಿಳಿಯಿತು. ನನಗೂ ಮೂವತ್ತು ವರ್ಷಗಳ ಕಾಲ ನಾಲ್ಕೂವರೆಯೆಂದರೆ ಶಾಲೆಯ ಕೊನೆಯ ಗಂಟೆ. ನಿವೃತ್ತನಾದ ಮೇಲೂ ಆ ಹೊತ್ತಿಗೆ ಕೈಯು ಪುಸ್ತಕವನ್ನು ಮುಚ್ಚುತ್ತಿತ್ತು. ಆದುದರಿಂದ ನಾನೂ ಹೋಗಿ ಅವಳ ಪಕ್ಕದಲ್ಲಿ ನಿಲ್ಲತೊಡಗಿದೆನು. ಕರೆದು ತಂದುಬಿಡಬಾರದೇ ಎಂದರು ನೆರೆಯವರು. ಕರೆಯಲು ನನಗೆ ಮನಸ್ಸು ಬರಲಿಲ್ಲ. ಜಗಲಿಯ ಮೇಲೆ ಹನ್ನೊಂದು ದಿನ ಮಲಗಿದ್ದ ಇನ್ನೊಂದರ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ.

ಆ ಕಾಯುವಿಕೆಯು ಕೊನೆಯವರೆಗೂ ನಿಲ್ಲಲಿಲ್ಲ. ಪ್ರೀತಿಯನ್ನು ತೋರಿದೊಡನೆ ಹಳೆಯದೆಲ್ಲ ಮರೆತುಹೋಗುವುದೆಂದು ನಾನು ಬರೆಯಲಾರೆನು, ಬರೆದರೆ ಸುಳ್ಳಾದೀತು. ಆದರೆ ಅರ್ಧ ಗಂಟೆಯು ಕಾಲು ಗಂಟೆಯಾಯಿತು, ಕಾಲು ಗಂಟೆಯು ಐದು ನಿಮಿಷವಾಯಿತು. ಎರಡನೆಯ ವರ್ಷದ ಹೊತ್ತಿಗೆ, ಬೀದಿಯನ್ನೊಮ್ಮೆ ನೋಡಿ, ಬಳಿಕ ನನ್ನ ಮುಖವನ್ನು ನೋಡಿ, ತಾನಾಗಿ ಒಳಕ್ಕೆ ತಿರುಗುತ್ತಿದ್ದಳು.

ರೋಸಿಯು ನಮ್ಮಲ್ಲಿದ್ದುದು ಎರಡು ವರ್ಷ ಆರು ತಿಂಗಳು. 2025ರ ವೈಶಾಖದಲ್ಲಿ ಅವಳ ಹಿಂಗಾಲುಗಳು ಪೂರ್ಣವಾಗಿ ಬಿದ್ದುಹೋದವು, ಊಟವನ್ನೂ ಬಿಟ್ಟಳು. ವೈದ್ಯರು ಮನೆಗೇ ಬಂದು ನೋಡಿ, ಇನ್ನು ಉಳಿದಿರುವುದು ನೋವು ಮಾತ್ರವೆಂದರು. ನೋವಿಲ್ಲದೆ ಕೊನೆಗಾಣಿಸುವ ಚುಚ್ಚುಮದ್ದಿನ ವಿಷಯವನ್ನು ತಿಳಿಸಿದರು. ಒಂದು ಜೀವದ ಆಯುಷ್ಯವನ್ನು ನಿರ್ಣಯಿಸಲು ನಾವಾರೆಂದು ನಾನು ಎರಡು ದಿನ ತಳ್ಳಿದೆನು. ಆ ಎರಡು ದಿನಗಳು ಅವಳ ಪಾಲಿಗೆ ಅನಾವಶ್ಯಕವಾಗಿದ್ದುವೆಂದು ಈಗ ತಿಳಿದಿದೆ. ಮೂರನೆಯ ದಿನ ಒಪ್ಪಿದೆನು. ನಾವಿಬ್ಬರೂ ಅವಳ ತಲೆಯ ಬಳಿ ಕುಳಿತಿದ್ದೆವು. ಮೊದಲು ನಿದ್ದೆ ಬಂದಿತು. ಬಳಿಕ ಉಸಿರು ನಿಂತಿತು.

ಸೋದರಿಯವರೆ, ತಮ್ಮ ಅತ್ತೆಯವರ ಮಾತು ಸುಳ್ಳಲ್ಲ. ಆ ನಾಯಿಯು ಎರಡು ಮೂರು ನಾಲ್ಕು ವರ್ಷಗಳಲ್ಲಿ ಸಾಯುವುದು, ಮಕ್ಕಳು ಅಳುವರು. ಅದನ್ನು ಮಕ್ಕಳಿಗೆ ಮೊದಲೇ ಹೇಳಿರಿ, ಮುಚ್ಚಿಡಬೇಡಿರಿ. ಆದರೆ ನಾನು ಎರಡು ದುಃಖಗಳನ್ನೂ ಅನುಭವಿಸಿದವನು. ರೋಸಿಯು ಹೋದ ದುಃಖವು ದಿನದಿನಕ್ಕೆ ಮೆತ್ತಗಾಗುತ್ತಿದೆ. ಅವಳ ಹೆಸರನ್ನೆತ್ತಿದರೆ ನಮ್ಮ ಮನೆಯಲ್ಲಿ ಈಗ ನಗುವುದೂ ಉಂಟು. ಕರಿಯನನ್ನು ಬಿಟ್ಟುಬಂದ ದುಃಖಕ್ಕೆ ಸುಮಾರು ಮೂವತ್ತು ವರ್ಷವಾಯಿತು. ಅದು ಅಂದಿದ್ದಂತೆಯೇ ಇದೆ. ರೋಸಿಯಿಂದ ಅದು ತೀರಿತೆಂದು ತಿಳಿಯಬೇಡಿರಿ. ಒಬ್ಬರಿಗೆ ಕೊಡಬೇಕಾದ ಸಾಲವನ್ನು ಇನ್ನೊಬ್ಬರಿಗೆ ತೀರಿಸಲಾಗುವುದಿಲ್ಲ. ಮಕ್ಕಳು ಯಾವ ಬಗೆಯ ದುಃಖವನ್ನು ಕಲಿಯಬೇಕೆಂಬುದು ಮಾತ್ರ ಮನೆಯ ಹಿರಿಯರ ಕೈಯಲ್ಲಿದೆ. ಮುಪ್ಪಾದುದನ್ನು ಕೊನೆಯವರೆಗೆ ನೋಡಿಕೊಳ್ಳುವುದನ್ನು ಕಂಡು ಬೆಳೆದ ಮಕ್ಕಳು ಅದನ್ನು ನಾಯಿಯ ಮಟ್ಟಿಗೇ ನಿಲ್ಲಿಸಲಾರರೆಂದು, ತಮ್ಮ ಅತ್ತೆಯವರಿಗೆ ನನ್ನ ನಮಸ್ಕಾರಗಳೊಡನೆ ತಿಳಿಸಿರಿ.

ಕಡೆಯದಾಗಿ ಒಂದು ಮಾತು. ನನಗೆ ಕೊಟ್ಟ ಅರ್ಜಿಯ ಕೊನೆಯಲ್ಲಿ, "ನೀವು ನೋಡಿಕೊಳ್ಳಲಾಗದೆ ಹೋದ ಪಕ್ಷದಲ್ಲಿ ಈ ನಾಯಿಯ ಹೊಣೆಯನ್ನು ಹೊರುವವರು ಯಾರು?" ಎಂದು ಕೇಳುವ ಸಾಲೊಂದಿದ್ದಿತು. ತಮಗೆ ಕೊಡುವ ಅರ್ಜಿಯಲ್ಲಿ ಅದು ಇಲ್ಲದಿದ್ದರೂ ತಾವೇ ಬರೆದುಕೊಳ್ಳಿರಿ. ಅಲ್ಲಿ ಒಬ್ಬರ ಹೆಸರನ್ನು, ಅವರನ್ನು ಕೇಳಿ, ಅವರ ಒಪ್ಪಿಗೆಯನ್ನು ಪಡೆದು ಬರೆಯಿರಿ. 1996ರಲ್ಲಿ ನಾನು ಒಬ್ಬ ಮನೆಯೊಡೆಯನನ್ನು ಕೇಳಲು ಸಂಕೋಚಪಟ್ಟೆನು. ಆ ಸಾಲು ತುಂಬಿದ ಮೇಲೆ ಯಜಮಾನರೊಡನೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ನಾಯಿಯನ್ನು ಮನೆಗೆ ಕರೆತನ್ನಿರಿ. ಹೋಗುವ ಮೊದಲು ನೆಲದ ಮೇಲೆ ಚಾಪೆಯನ್ನು ಹಾಸುವುದನ್ನು ಮರೆಯಬೇಡಿರಿ.